ಚಿತ್ರದ ಕೆಳಗಿನ ಚಿತ್ರ: ಮಧ್ಯಯುಗದ ಪ್ರಾರ್ಥನಾ ಪುಸ್ತಕಗಳಲ್ಲಿನ ತಿದ್ದುಪಡಿಗಳನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ಇತಿಹಾಸದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಯುರೋಪಿನ ಇತಿಹಾಸವನ್ನು ಪಾಠ ಮಾಡುತ್ತೇನೆ. ಹದಿನೈದನೆಯ ಶತಮಾನದ ಶ್ರೀಮಂತ ಮನೆತನಗಳ ದೈನಂದಿನ ಭಕ್ತಿಯನ್ನು ಕುರಿತು ಹೇಳುವಾಗ, ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿರುವ ಇಸಬೆಲ್ಲಾ ಸ್ಟುವರ್ಟ್‌ಳ ‘ಬುಕ್ ಆಫ್ ಅವರ್ಸ್’ ಎಂಬ ಹಸ್ತಪ್ರತಿಯ ಒಂದು ಪುಟವನ್ನು ಪರದೆಯ ಮೇಲೆ ತೋರಿಸಿದೆ. ಬುಕ್ ಆಫ್ ಅವರ್ಸ್ ಎಂದರೆ ದಿನದ ಎಂಟು ಹೊತ್ತುಗಳಿಗೆ ಹಂಚಿಟ್ಟ ಪ್ರಾರ್ಥನೆಗಳ ಪುಸ್ತಕ. ಮಠದ ಸಂನ್ಯಾಸಿಗಳ ಕ್ರಮವನ್ನು ಗೃಹಸ್ಥರು ಮನೆಯಲ್ಲಿಯೇ ಅನುಸರಿಸಲು ಮಾಡಿಸಿಕೊಳ್ಳುತ್ತಿದ್ದದ್ದು.

ಈ ಪ್ರತಿ ಸುಮಾರು 1431ರಲ್ಲಿ ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಸಿದ್ಧವಾಯಿತು. ಅದರಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳಿವೆ. ವಿದ್ವಾಂಸರ ಪ್ರಕಾರ ಅದರ ಮೊದಲ ಒಡತಿ ಆಂಜೂ ಮನೆತನದ ಯೋಲಾಂದ್; ವಾಯವ್ಯ ಫ್ರಾನ್ಸಿನ ಬ್ರಿಟನಿ ಪ್ರಾಂತದ ಫ್ರಾನ್ಸಿಸನ ಮೊದಲ ಹೆಂಡತಿ. ಆಕೆ 1440ರಲ್ಲಿ ತೀರಿಕೊಂಡಳು. 1442ರಲ್ಲಿ ಫ್ರಾನ್ಸಿಸ್ ಸ್ಕಾಟ್ಲೆಂಡಿನ ದೊರೆ ಒಂದನೆಯ ಜೇಮ್ಸನ ಮಗಳು ಇಸಬೆಲ್ಲಾಳನ್ನು ಮದುವೆಯಾದ. ಪುಸ್ತಕ ಹೊಸ ಹೆಂಡತಿಯ ಕೈಸೇರಿತು. ಮೇರಿಮಾತೆಯ ಮುಂದೆ ಮಂಡಿಯೂರಿ ಕುಳಿತ ಹೆಂಗಸಿನ ಚಿತ್ರದ ಮೇಲೆ ಇಸಬೆಲ್ಲಾಳ ಚಿತ್ರವನ್ನೂ, ಹಳೆಯ ಲಾಂಛನದ ಜಾಗದಲ್ಲಿ ಆಕೆಯ ಲಾಂಛನವನ್ನೂ ಬರೆಸಲಾಯಿತು.

ಇಷ್ಟು ಹೇಳುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಸವತಿಯ ಮುಖದ ಮೇಲೆ ಬಣ್ಣ ಬಳಿದಿದ್ದಾರೆ ಅಂತ ಬಣ್ಣ ಕೆರೆಯದೆ ಹೇಗೆ ಗೊತ್ತಾಯಿತು?’ ಎಂದು ಕೇಳಿದಳು. ಸವತಿ ಎಂಬ ಮಾತು ಇಲ್ಲಿ ಪೂರ್ತಿ ಸರಿಯಲ್ಲ, ಮೊದಲನೆಯಾಕೆ ಆಗಲೇ ತೀರಿಕೊಂಡಿದ್ದಳು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ‘ಅವಕೆಂಪು ಕಿರಣಗಳಿಂದ’ ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆ. ಅದು ಉತ್ತರವಲ್ಲ, ಉತ್ತರದ ಹೆಸರು ಮಾತ್ರ ಎಂಬುದು ಮನೆಗೆ ಬಂದ ಮೇಲೂ ಚುಚ್ಚುತ್ತಿದೆ.

ಆದ್ದರಿಂದ ಬಲ್ಲವರಲ್ಲಿ ಕೇಳುತ್ತಿದ್ದೇನೆ. ಮೇಲಿನ ಬಣ್ಣವನ್ನು ಮುಟ್ಟದೆ ಕೆಳಗಿನದನ್ನು ನೋಡುವುದು ಯಾವ ತತ್ತ್ವದಿಂದ ಸಾಧ್ಯವಾಗುತ್ತದೆ? ತಿದ್ದುಪಡಿ ಯಾವ ಕಾಲದ್ದು ಎಂಬುದನ್ನು ಯಂತ್ರ ಹೇಳಬಲ್ಲದೇ, ಅಥವಾ ಅದು ಇತಿಹಾಸಕಾರರ ಊಹೆಯೇ? ಕೆಳಗೆ ಮೂಲಚಿತ್ರವಿದೆ ಎಂದು ಖಚಿತವಾದ ಮೇಲೂ ಮೇಲಿನದನ್ನು ತೆಗೆಯದೆ ಬಿಡುವುದು ಏಕೆ?

ಉತ್ತರ 1: ಬೆಳಕಿನ ಬೆನ್ನಟ್ಟಿ

ಮೇಷ್ಟ್ರೇ, ನಮಸ್ಕಾರ. ನಾನು ಭೌತಶಾಸ್ತ್ರದವನು, ವರ್ಣದ್ರವ್ಯಗಳ ವಿಶ್ಲೇಷಣೆ ಮಾಡುವ ಪ್ರಯೋಗಾಲಯದಲ್ಲಿ ಕೆಲವು ವರ್ಷ ದುಡಿದಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನಿಂದಾದಷ್ಟು ಉತ್ತರಿಸುತ್ತೇನೆ. ಉಳಿದ ಎರಡನ್ನು ನನಗಿಂತ ಬಲ್ಲವರು ಇಲ್ಲಿದ್ದಾರೆ.

ನಮ್ಮ ಕಣ್ಣಿಗೆ ಒಂದು ಬಣ್ಣ ಅಪಾರದರ್ಶಕವಾಗಿ ಕಾಣುವುದು ನಾವು ನೋಡುವ ಬೆಳಕಿನ ಮಟ್ಟಿಗೆ ಮಾತ್ರ ನಿಜ. ಕೆಂಪಿನ ಆಚೆಗಿನ ಉದ್ದನೆಯ ತರಂಗಗಳಿಗೆ, ಅಂದರೆ ಅವಕೆಂಪು ಕಿರಣಗಳಿಗೆ, ಅದೇ ಬಣ್ಣದ ತೆಳು ಪದರ ಮಂಜು ಹಿಡಿದ ಗಾಜಿನಂತೆ ಆಗಬಹುದು, ಕೆಲವೊಮ್ಮೆ ಸ್ವಚ್ಛ ಗಾಜಿನಂತೆಯೇ ಆಗಬಹುದು. ಬೆಳಕು ಮೇಲಿನ ಪದರವನ್ನು ದಾಟಿ ಕೆಳಗಿನದನ್ನು ತಲುಪಿ ವಾಪಸಾಗುತ್ತದೆ, ಆ ತರಂಗಗಳಿಗೆ ಸಂವೇದಿಸುವ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕೆಳಗೆ ಕಾಡಿಗೆಯಂತಹ ಇಂಗಾಲದ ಕಪ್ಪಿನಲ್ಲಿ ಬರೆದ ಗೆರೆಗಳಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಇಂಗಾಲ ಅವಕೆಂಪು ಕಿರಣಗಳನ್ನೂ ಹೀರಿಕೊಂಡು ಅಲ್ಲಿಯೂ ಕಪ್ಪಾಗಿಯೇ ಉಳಿಯುತ್ತದೆ.

ಮಧ್ಯಯುಗದ ಪುಸ್ತಕಗಳಲ್ಲಿ ಇದಕ್ಕೆ ಅತ್ಯುತ್ತಮ ಉದಾಹರಣೆ ನೀಲಿ ಬಣ್ಣ. ಮೇರಿಮಾತೆಯ ಮೇಲುಹೊದಿಕೆಗೆ ಬಳಸುತ್ತಿದ್ದ ನೀಲಿಗಳಲ್ಲಿ ಎರಡು ಮುಖ್ಯವಾದವು. ಒಂದು, ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳಿಂದ ಬರುತ್ತಿದ್ದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆದ ಅಲ್ಟ್ರಾಮರೀನ್. ಎರಡು, ಯುರೋಪಿನಲ್ಲಿಯೇ ಸಿಗುತ್ತಿದ್ದ ತಾಮ್ರದ ಅದಿರಾದ ಅಜುರೈಟ್. ಬರಿಗಣ್ಣಿಗೆ ಎರಡೂ ನೀಲಿಯೇ. ಅವಕೆಂಪಿನ ಚಿತ್ರದಲ್ಲಿ ಅಲ್ಟ್ರಾಮರೀನ್ ಬೆಳ್ಳಗೆ ತೇಲಿಹೋಗುತ್ತದೆ, ಅಜುರೈಟ್ ಕಪ್ಪಗೆ ನಿಲ್ಲುತ್ತದೆ. ಒಂದೇ ಉಡುಪಿನ ಮಡಿಕೆಗಳಲ್ಲಿ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಕಂಡರೆ ಅಲ್ಲಿ ಎರಡು ಕೈಗಳು, ಅಥವಾ ಎರಡು ಕಾಲಗಳು ಕೆಲಸ ಮಾಡಿರಬಹುದೆಂಬ ಗುಮಾನಿ ಹುಟ್ಟುತ್ತದೆ. ಗುಮಾನಿ ಎಂದೇ ಹೇಳುತ್ತೇನೆ. ದುಬಾರಿ ನೀಲಿಯನ್ನು ಉಳಿಸಲು ಒಬ್ಬನೇ ಚಿತ್ರಕಾರ ಅಡಿಗೆ ಅಗ್ಗದ್ದನ್ನು ಬಳಿದು ಮೇಲೆ ದುಬಾರಿಯದನ್ನು ಬಳಿಯುವುದೂ ವಾಡಿಕೆಯಾಗಿತ್ತು.

ಆ ಗುಮಾನಿಯನ್ನು ಪರೀಕ್ಷಿಸಲು ಎಕ್ಸ್‌ರೇ ಫ್ಲೂರೆಸೆನ್ಸ್ ಎಂಬ ವಿಧಾನವಿದೆ. ಬಣ್ಣದ ಒಂದು ಚುಕ್ಕೆಯ ಮೇಲೆ ಎಕ್ಸ್‌ರೇ ಬಿಟ್ಟರೆ ಅಲ್ಲಿನ ಪ್ರತಿಯೊಂದು ಮೂಲವಸ್ತುವೂ ತನ್ನದೇ ಶಕ್ತಿಯ ಕಿರಣವನ್ನು ಹೊರಸೂಸುತ್ತದೆ. ತಾಮ್ರ ಸಿಕ್ಕರೆ ಅಜುರೈಟ್ ಅಥವಾ ಮ್ಯಾಲಕೈಟ್, ಪಾದರಸ ಸಿಕ್ಕರೆ ಕೆಂಪು ಬಣ್ಣದ ಇಂಗಳಿಕ, ಸೀಸ ಸಿಕ್ಕರೆ ಸೀಸದ ಬಿಳಿಯೋ ಸಿಂಧೂರವೋ ಇರಬಹುದು. ಆದರೆ ಸಸ್ಯಗಳಿಂದಲೂ ಕೀಟಗಳಿಂದಲೂ ತೆಗೆದ ಬಣ್ಣಗಳು ಈ ಯಂತ್ರಕ್ಕೆ ಕಾಣುವುದೇ ಇಲ್ಲ, ಅಲ್ಟ್ರಾಮರೀನ್‌ನಲ್ಲಿರುವ ಹಗುರ ಮೂಲವಸ್ತುಗಳೂ ಕಷ್ಟದಿಂದ ಕಾಣುತ್ತವೆ. ಅಂಥ ಕಡೆ ತೆಳುವಾದ ಆಪ್ಟಿಕಲ್ ಫೈಬರ್‌ನಿಂದ ಬೆಳಕು ಹಾಯಿಸಿ, ಪ್ರತಿಫಲಿಸಿದ ಬೆಳಕಿನ ರೋಹಿತವನ್ನು ಓದುತ್ತಾರೆ. ಲೇಸರ್ ಬೆಳಕು ಚದುರುವಾಗ ಅದರ ಬಣ್ಣ ಬದಲಾಗುವುದನ್ನು ನೋಡಿ ವಸ್ತುವನ್ನು ಗುರುತಿಸುವ ರಾಮನ್ ವಿಧಾನವನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. ನಮ್ಮ ಸಿ. ವಿ. ರಾಮನ್ ಅವರು 1928ರಲ್ಲಿ ಕಂಡ ಪರಿಣಾಮವೇ ಅದು. ಸೀಸದ ಬಣ್ಣಗಳು ಲೇಸರಿನ ಬಿಸಿಗೆ ಕಪ್ಪಾಗಬಹುದಾದ್ದರಿಂದ ಶಕ್ತಿಯನ್ನು ಅತಿ ಕಡಿಮೆ ಇಡಬೇಕಾಗುತ್ತದೆ.

ಒಂದು ಪಾಠವನ್ನು ನಾನು ಪೆಟ್ಟು ತಿಂದು ಕಲಿತೆ. ತರಬೇತಿಯಲ್ಲಿದ್ದಾಗ ಒಂದು ಬಿಡಿ ಹಾಳೆಯ ನೀಲಿ ಚೌಕದಲ್ಲಿ ಪಾದರಸ ಕಂಡಿತು. ನೀಲಿಯ ಅಡಿಯಲ್ಲಿ ಕೆಂಪು ಚಿತ್ರವೊಂದು ಅಡಗಿದೆ ಎಂದು ಸಂಭ್ರಮದಿಂದ ಅರ್ಧ ಪುಟದ ಟಿಪ್ಪಣಿ ಬರೆದೆ. ಮಾರ್ಗದರ್ಶಕರು ಏನೂ ಹೇಳದೆ ಹಾಳೆಯನ್ನು ತಿರುಗಿಸಿ ತೋರಿಸಿದರು: ಸರಿಯಾಗಿ ಅದೇ ಜಾಗದ ಹಿಂಬದಿಯಲ್ಲಿ ಇಂಗಳಿಕದಲ್ಲಿ ಬರೆದ ದೊಡ್ಡ ಅಕ್ಷರವೊಂದಿತ್ತು. ಎಕ್ಸ್‌ರೇಗೆ ಆ ಕಾಲದ ಪುಸ್ತಕಗಳಲ್ಲಿ ಕಾಗದದ ಬದಲು ಬಳಸುತ್ತಿದ್ದ ಚರ್ಮದ ಹಾಳೆ ಅಡ್ಡಿಯೇ ಅಲ್ಲ. ಹಿಂದಿನ ಪುಟವೂ, ಪುಸ್ತಕ ಮುಚ್ಚಿದ್ದರೆ ಅದರಾಚೆಯ ಪುಟವೂ ಒಟ್ಟಿಗೆ ಉತ್ತರ ಕೊಡುತ್ತವೆ.

ಉತ್ತರ 2: ಹೊತ್ತಗೆ ಕಟ್ಟುವಾಕೆ

ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿಗೆ ನನ್ನ ಅಭಿನಂದನೆ ತಿಳಿಸಿ. ನಾನು ಹಸ್ತಪ್ರತಿಗಳ ಸಂರಕ್ಷಣೆ ಮಾಡುವವಳು. ಮೇಲಿನವರು ಬಣ್ಣದ ಬಗ್ಗೆ ಹೇಳಿದ್ದರಿಂದ ನಾನು ಅಕ್ಷರದ ಬಗ್ಗೆ ಹೇಳುತ್ತೇನೆ, ಏಕೆಂದರೆ ಪ್ರಾರ್ಥನಾ ಪುಸ್ತಕಗಳಲ್ಲಿ ಚಿತ್ರ ಬದಲಾದದ್ದಕ್ಕಿಂತ ಹೆಸರು ಅಳಿಸಿದ ಸಂದರ್ಭಗಳೇ ನಮಗೆ ಹೆಚ್ಚು ಎದುರಾಗುತ್ತವೆ.

ಯುರೋಪಿನ ಮಧ್ಯಯುಗದ ಸಾಮಾನ್ಯ ಶಾಯಿ ಮಾಚಿಕಾಯಿ, ಕಬ್ಬಿಣದ ಲವಣವಾದ ಅನ್ನಭೇದಿ ಮತ್ತು ಗೋಂದು ಸೇರಿಸಿ ಮಾಡಿದ್ದು. ಬಾಣಂತಿಯರ ಔಷಧಕ್ಕೆಂದು ನಮ್ಮ ಗಂಧಿಗೆ ಅಂಗಡಿಗಳಲ್ಲಿ ಸಿಗುವ ಮಾಚಿಕಾಯಿಯೇ ಅದು. ಓಕ್ ಮರದ ಮೇಲೆ ಕೀಟದಿಂದ ಬೆಳೆಯುವ ಗಂಟು. ಈ ಶಾಯಿ ಕಾಡಿಗೆಯಂತೆ ಮೇಲೆ ಕೂತಿರುವುದಿಲ್ಲ, ಚರ್ಮಪತ್ರವನ್ನು ಕಚ್ಚಿಕೊಳ್ಳುತ್ತದೆ. ಬರೆದವನೋ ಓದಿದವನೋ ಚೂರಿಯಿಂದ ಕೆರೆದು ಅಳಿಸಿದರೂ ಕಬ್ಬಿಣದ ಅಂಶ ಸ್ವಲ್ಪ ಒಳಗೆ ಉಳಿದುಬಿಡುತ್ತದೆ. ಕತ್ತಲ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಚರ್ಮಪತ್ರ ನಸುನೀಲಿ ಬೆಳಕಿನಿಂದ ಹೊಳೆಯುತ್ತದೆ. ಶಾಯಿ ಇದ್ದ ಜಾಗ ಆ ಬೆಳಕನ್ನು ಹೀರಿ ಮಂಕಾಗಿ ಕಾಣುತ್ತದೆ. ನೂರಾರು ವರ್ಷಗಳ ಹಿಂದೆ ಕೆರೆದು ಹಾಕಿದ ಹೆಸರು ದೀಪ ಹಾಕಿದ ಕ್ಷಣ ಮೂಡಿಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಕೋಣೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ.

ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕಗಳಲ್ಲಿ ಇಂಥ ಅಳಿಸುವಿಕೆಯ ಒಂದು ದೊಡ್ಡ ಅಲೆಯೇ ಇದೆ. ರೋಮಿನ ಪೋಪ್‌ನಿಂದ ಬೇರ್ಪಟ್ಟ ಎಂಟನೆಯ ಹೆನ್ರಿ, 1170ರಲ್ಲಿ ಕ್ಯಾಂಟರ್‌ಬರಿಯಲ್ಲಿ ಕೊಲೆಯಾಗಿ ಸಂತನೆನಿಸಿದ್ದ ಥಾಮಸ್ ಬೆಕೆಟ್‌ನ ಹೆಸರನ್ನು ಎಲ್ಲ ಪುಸ್ತಕಗಳಿಂದ ಅಳಿಸಬೇಕೆಂದು 1538ರ ನವೆಂಬರಿನಲ್ಲಿ ಆಜ್ಞೆ ಹೊರಡಿಸಿದ. ದೊರೆಯೊಬ್ಬನಿಗೆ ಎದುರು ನಿಂತವನನ್ನು ಸಂತನೆಂದು ಪ್ರಜೆಗಳು ಪೂಜಿಸುವುದು ಇನ್ನೊಬ್ಬ ದೊರೆಗೆ ಹಿಡಿಸಲಿಲ್ಲ, ಅಷ್ಟೆ. ಆಜ್ಞೆ ಎಲ್ಲರಿಗೂ ಒಂದೇ ಆಗಿತ್ತು, ಪಾಲಿಸಿದ ಬಗೆ ಒಂದೇ ಆಗಿರಲಿಲ್ಲ. ಕೆಲವರು ಡಿಸೆಂಬರ್ 29ರ ಬೆಕೆಟ್‌ನ ಹಬ್ಬದ ಸಾಲನ್ನು ಚರ್ಮ ತೂತಾಗುವಷ್ಟು ಕೆರೆದಿದ್ದಾರೆ. ಕೆಲವರು ಅಕ್ಷರ ಸಲೀಸಾಗಿ ಓದಲು ಬರುವಂತೆ ಒಂದು ತೆಳುಗೆರೆ ಎಳೆದು ಸುಮ್ಮನಾಗಿದ್ದಾರೆ. ತನಿಖೆಗೆ ಬಂದವನಿಗೆ ಗೆರೆ ತೋರಿಸಿ, ಅವನು ಹೋದ ಮೇಲೆ ಪ್ರಾರ್ಥನೆ ಓದಿದವರೂ ಇದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ, ದೀಪ ಹೇಳಿದ್ದಲ್ಲ.

ಇನ್ನೊಂದು ಪ್ರಸಂಗ ಇತ್ತೀಚಿನದು. ಅದೇ ಹೆನ್ರಿಯ ಎರಡನೆಯ ಹೆಂಡತಿ ಆನ್ ಬೊಲಿನ್‌ಳ ಬಳಿಯಿದ್ದ ಒಂದು ಬುಕ್ ಆಫ್ ಅವರ್ಸ್, ಸುಮಾರು 1527ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದದ್ದು, ಈಗ ಕೆಂಟ್ ಪ್ರಾಂತದ ಹೀವರ್ ಕೋಟೆಯಲ್ಲಿದೆ. ಅದರಲ್ಲಿ ಆಕೆಯ ಕೈಬರಹವಿದೆ: ನೀವು ಪ್ರಾರ್ಥಿಸುವಾಗ ನನ್ನನ್ನು ನೆನೆಯಿರಿ ಎಂಬ ಅರ್ಥದ ಒಂದು ಪ್ರಾಸಬದ್ಧ ಸಾಲು. ಆಕೆಯ ಶಿರಚ್ಛೇದ ಆದದ್ದು 1536ರಲ್ಲಿ. ಆ ಹೆಸರಿನ ಪುಸ್ತಕವನ್ನು ಇಟ್ಟುಕೊಳ್ಳುವುದೇ ಅಪಾಯದ ಕೆಲಸವಾಗಿತ್ತು. ಹಾಗಿದ್ದರೂ ಅದು ಉಳಿದದ್ದು ಹೇಗೆ? 2021ರಲ್ಲಿ ಕೇಟ್ ಮೆಕ್ಯಾಫ್ರಿ ಎಂಬ ಸಂಶೋಧಕಿ ನೇರಳಾತೀತ ಬೆಳಕಿನಲ್ಲಿ ಅದರ ಪುಟಗಳನ್ನು ಪರಿಶೀಲಿಸಿ, ಕಣ್ಣಿಗೆ ಕಾಣದಂತೆ ಅಳಿಸಿಹೋಗಿದ್ದ ಬರಹಗಳನ್ನು ಕಂಡುಹಿಡಿದರು. ಅವುಗಳಲ್ಲಿ ಕೆಂಟ್‌ನ ಗೇಜ್, ವೆಸ್ಟ್, ಶರ್ಲಿ ಮನೆತನಗಳ ಹೆಸರುಗಳಿದ್ದವು. ಆ ಸುಳಿವನ್ನು ಹಿಡಿದು ಹೋದಾಗ, ಪುಸ್ತಕ ಪರಸ್ಪರ ನೆಂಟಸ್ತಿಕೆಯಿದ್ದ ಹೆಂಗಸರ ಕೈಯಿಂದ ಕೈಗೆ ಸಾಗಿ ಉಳಿದುಕೊಂಡಿತೆಂಬ ಚಿತ್ರ ಸಿಕ್ಕಿತು. ದೀಪ ಕೊಟ್ಟದ್ದು ಹೆಸರುಗಳನ್ನು ಮಾತ್ರ. ಆ ಹೆಸರಿನವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದನ್ನು ವಂಶಾವಳಿಗಳಲ್ಲಿ ಹುಡುಕಿ ತೆಗೆದದ್ದು ಮನುಷ್ಯರ ಶ್ರಮ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಮೇಲಿನ ಬಣ್ಣವನ್ನು ತೆಗೆಯುವುದಿಲ್ಲ, ಏಕೆಂದರೆ ಅದೂ ಮೂಲವೇ. ಇಸಬೆಲ್ಲಾಳ ಚಿತ್ರವನ್ನು ಕೆರೆದು ಯೋಲಾಂದ್‌ಳನ್ನು ಹೊರತಂದರೆ, 1442ರ ಮದುವೆಯ ನಂತರ ಅಲ್ಲಿ ನಡೆದದ್ದನ್ನು ನಾವು ಇಂದು ಅಳಿಸಿದಂತಾಗುತ್ತದೆ. ಅದಲ್ಲದೆ ಹಾಳೆಯ ಮೇಲಿನ ಬಣ್ಣದ ಪದರ ಕೂದಲೆಳೆಗಿಂತ ತೆಳು. ಮೇಲಿನದನ್ನು ಕೆಳಗಿನದರಿಂದ ಬೇರ್ಪಡಿಸಲು ಹೋದರೆ ಎರಡೂ ಹೋಗುವ ಸಾಧ್ಯತೆಯೇ ಹೆಚ್ಚು.

ಉತ್ತರ 3: ಹಳೆಯ ಓದುಗ

ಎಲ್ಲರ ವಿವರಣೆಯನ್ನೂ ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವನ್ನು ದಾಖಲಿಸುವುದು ಅಗತ್ಯವೆನ್ನಿಸಿತು. ಲಾಂಛನಶಾಸ್ತ್ರವನ್ನು ಬಲ್ಲ ವಿದ್ವಾಂಸನೊಬ್ಬ, ಯಾವ ಯಂತ್ರವೂ ಇಲ್ಲದೆ, 1431ರ ಸುಮಾರಿನ ಚಿತ್ರಶೈಲಿಯ ಪುಸ್ತಕದಲ್ಲಿ 1442ರ ನಂತರವಷ್ಟೇ ಇರಬಹುದಾದ ಲಾಂಛನವನ್ನು ಕಂಡ ಕೂಡಲೇ ಏನೋ ಬದಲಾಗಿದೆ ಎಂದು ಹೇಳಬಲ್ಲ. ಹಾಗಿರುವಾಗ ಲಕ್ಷಾಂತರ ರೂಪಾಯಿಯ ಉಪಕರಣ ಹೊಸದಾಗಿ ಹೇಳುವುದೇನು? ವಿಜ್ಞಾನದ ಹೆಸರು ಸೇರಿದರೆ ಸಾಕು, ಗೊತ್ತಿದ್ದ ಸಂಗತಿಯೇ ಪತ್ರಿಕೆಗಳಲ್ಲಿ ಹೊಸ ಆವಿಷ್ಕಾರವಾಗಿ ಬರುತ್ತದೆ. ಅಂಗಡಿಯ ತಕ್ಕಡಿ ತೂಕ ಹೇಳೀತು, ಅಕ್ಕಿ ಯಾರ ಗದ್ದೆಯದೆಂದು ಹೇಳುವುದಿಲ್ಲ.

ಉತ್ತರ 4: ಬೆಳಕಿನ ಬೆನ್ನಟ್ಟಿ

ಹಿರಿಯರ ಆಕ್ಷೇಪದಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಯಂತ್ರ ವಸ್ತುವನ್ನು ಹೇಳುತ್ತದೆ, ಪದರಗಳ ಅನುಕ್ರಮವನ್ನು ಹೇಳುತ್ತದೆ. ಬಳಿದವರು ಯಾರು, ಯಾಕೆ ಬಳಿದರು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಬಲ್ಲವರ ಕಣ್ಣನ್ನೇ ಮೋಸಗೊಳಿಸಲು ಮಾಡಿದ ತಿದ್ದುಪಡಿಗಳಿರುತ್ತವೆ. ಅಲ್ಲಿ ತಕ್ಕಡಿಯ ಬೆಲೆ ಗೊತ್ತಾಗುತ್ತದೆ.

ಬಹುಶಃ ಲೋಕದಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಪ್ರಾರ್ಥನಾ ಪುಸ್ತಕವನ್ನೇ ತೆಗೆದುಕೊಳ್ಳೋಣ. ಇದು ಗ್ರೀಕ್ ಭಾಷೆಯದು. 1229ರಲ್ಲಿ ಇಯೊಆನೆಸ್ ಮೈರೊನಾಸ್ ಎಂಬ ಲಿಪಿಕಾರನಿಗೆ ಪ್ರಾರ್ಥನೆಗಳನ್ನು ಬರೆಯಲು ಚರ್ಮಪತ್ರ ಬೇಕಿತ್ತು. ಹೊಸದರ ಬದಲು ಹಳೆಯ ಹಸ್ತಪ್ರತಿಗಳನ್ನು ಬಿಚ್ಚಿ, ಬರಹವನ್ನು ಕೆರೆದು ತೊಳೆದು, ಹಾಳೆಗಳನ್ನು ಅಡ್ಡಲಾಗಿ ತಿರುಗಿಸಿ ಮಡಿಚಿ, ಹಳೆಯ ಸಾಲುಗಳಿಗೆ ಲಂಬವಾಗಿ ಹೊಸ ಸಾಲುಗಳು ಬರುವಂತೆ ಬರೆದ. ಕೆರೆದು ಹಾಕಿದ್ದರಲ್ಲಿ ಆರ್ಕಿಮಿಡೀಸನ ಕೃತಿಗಳ ಹತ್ತನೆಯ ಶತಮಾನದ ಪ್ರತಿಯೊಂದಿತ್ತು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದನ್ನು ಗುರುತಿಸಿದ್ದು ಬರಿಗಣ್ಣಿನಿಂದಲೇ. ಇದು ಹಿರಿಯರ ಪರವಾದ ಸಾಕ್ಷ್ಯ.

ಮುಂದಿನದು ನನ್ನ ಪರವಾದದ್ದು. ಆ ಪುಸ್ತಕ ಆಮೇಲೆ ಕಣ್ಮರೆಯಾಗಿ, 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಗಿ, ಬಾಲ್ಟಿಮೋರಿನ ವಾಲ್ಟರ್ಸ್ ವಸ್ತುಸಂಗ್ರಹಾಲಯಕ್ಕೆ ಅಧ್ಯಯನಕ್ಕಾಗಿ ಬಂದಾಗ, ನಾಲ್ಕು ಪುಟಗಳ ಮೇಲೆ ಸುವಾರ್ತೆಗಳ ನಾಲ್ವರು ಕರ್ತೃಗಳ ಚಿತ್ರಗಳಿದ್ದವು. ನೋಡಲು ಮಧ್ಯಯುಗದ ಬೈಜಾಂಟಿಯಮ್ ಶೈಲಿ, ಚಿನ್ನದ ಹಿನ್ನೆಲೆ. ಹೈಬರ್ಗ್ ನೋಡಿದಾಗ ಅಂಥ ಚಿತ್ರಗಳೇ ಇರಲಿಲ್ಲ. ಬಣ್ಣವನ್ನು ವಿಶ್ಲೇಷಿಸಿದಾಗ 1938ರ ನಂತರವಷ್ಟೇ ಮಾರುಕಟ್ಟೆಗೆ ಬಂದ ಸಂಶ್ಲೇಷಿತ ಹಸಿರು ಸಿಕ್ಕಿತು. ಪುಸ್ತಕಕ್ಕೆ ಹೆಚ್ಚು ಬೆಲೆ ಬರಲೆಂದು ಯಾರೋ ಇಪ್ಪತ್ತನೆಯ ಶತಮಾನದಲ್ಲಿ ಆರ್ಕಿಮಿಡೀಸನ ಮೇಲೆ ಸಂತರನ್ನು ಕೂರಿಸಿದ್ದರು. ಮೇಷ್ಟ್ರ ಎರಡನೆಯ ಪ್ರಶ್ನೆಗೆ ಇದೇ ಉತ್ತರ: ಯಂತ್ರ ನೇರವಾಗಿ ಇಸವಿ ಹೇಳುವುದಿಲ್ಲ, ಆದರೆ ಯಾವ ವರ್ಣದ್ರವ್ಯ ಯಾವಾಗ ಹುಟ್ಟಿತೆಂಬುದು ದಾಖಲೆಯಲ್ಲಿರುವುದರಿಂದ ‘ಇದಕ್ಕಿಂತ ಹಿಂದೆ ಸಾಧ್ಯವಿಲ್ಲ’ ಎಂದು ಖಂಡಿತವಾಗಿ ಹೇಳಬಹುದು. ಪ್ರಷ್ಯನ್ ನೀಲಿ ಹದಿನೆಂಟನೆಯ ಶತಮಾನದ ಮೊದಲ ದಶಕದ್ದು. ಟೈಟಾನಿಯಂ ಬಿಳಿ ಇಪ್ಪತ್ತನೆಯ ಶತಮಾನದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಜವಾದ ಹಳೆಯ ಚರ್ಮಪತ್ರದ ಮೇಲೆ ನಕಲಿ ಮಧ್ಯಯುಗದ ಚಿತ್ರಗಳನ್ನು ಬರೆದು ಮಾರಿದ, ಇಂದಿಗೂ ಹೆಸರು ಗೊತ್ತಿಲ್ಲದ ‘ಸ್ಪ್ಯಾನಿಶ್ ಫೋರ್ಜರ್’ ಎಂಬಾತನ ಹಸಿರಿನಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಸಿಗುವುದೂ ಇದೇ ಬಗೆಯ ಸಾಕ್ಷ್ಯ. ಹಾಳೆ ಹಳೆಯದು, ಅದರ ವಯಸ್ಸು ಪರೀಕ್ಷಿಸಿದರೆ ಪಾಸಾಗುತ್ತದೆ. ಬಣ್ಣ ಮಾತ್ರ ಫೇಲಾಗುತ್ತದೆ.

ಆ ನಕಲಿ ಚಿತ್ರಗಳನ್ನೂ ಯಾರೂ ಕೆರೆಯಲಿಲ್ಲ ಎಂಬುದನ್ನು ಗಮನಿಸಬೇಕು. 2005ರಿಂದ, ಎಲೆಕ್ಟ್ರಾನುಗಳನ್ನು ಅತಿವೇಗದಲ್ಲಿ ಸುತ್ತಿಸಿ ಎಕ್ಸ್‌ರೇ ಹೊರಡಿಸುವ ದೊಡ್ಡ ಯಂತ್ರವಾದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಿಂಕ್ರೊಟ್ರಾನ್‌ನಲ್ಲಿ ತೀವ್ರ ಎಕ್ಸ್‌ರೇ ಕಿರಣವನ್ನು ಪುಟದ ಮೇಲೆ ಚುಕ್ಕೆ ಚುಕ್ಕೆಯಾಗಿ ಹಾಯಿಸಿ, ಚಿನ್ನದ ಅಡಿಯಲ್ಲಿದ್ದ ಶಾಯಿಯ ಕಬ್ಬಿಣದ ನಕ್ಷೆಯನ್ನು ತೆಗೆದರು. ನಕ್ಷೆಯಲ್ಲಿ ಮುಂಬದಿಯ ಬರಹ, ಹಿಂಬದಿಯ ಬರಹ, ಮೇಲಿನ ಪ್ರಾರ್ಥನೆ, ಕೆಳಗಿನ ಗಣಿತ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ಅದನ್ನು ಬಿಡಿಸಿ ಓದಲು ಗ್ರೀಕ್ ಬಲ್ಲ ವಿದ್ವಾಂಸರೇ ಬೇಕಾಯಿತು. ಹಿರಿಯರಿಗೆ ಇಲ್ಲಿ ಮತ್ತೆ ಒಂದು ಅಂಕ ಸಲ್ಲುತ್ತದೆ.

ಉತ್ತರ 5: ಹೊತ್ತಗೆ ಕಟ್ಟುವಾಕೆ

ಬಣ್ಣ ತೆಗೆಯದೆ ಮೂಲವನ್ನು ತೋರಿಸುವ ಇನ್ನೊಂದು ದಾರಿಗೂ ಫಿಟ್ಸ್‌ವಿಲಿಯಂನಲ್ಲಿಯೇ ಉದಾಹರಣೆಯಿದೆ. ಫ್ರಾನ್ಸಿನ ರಾಣಿ, ಬ್ರಿಟನಿಯ ಆನ್ ಸುಮಾರು 1505ರಲ್ಲಿ ತನ್ನ ಪುಟ್ಟ ಮಗಳು ಕ್ಲಾದ್‌ಳಿಗಾಗಿ ಒಂದು ಪುಸ್ತಕ ಮಾಡಿಸಿದಳು. ಅದು ವರ್ಣಮಾಲೆಯಿಂದ ಆರಂಭವಾಗಿ ಮಕ್ಕಳು ಬಾಯಿಪಾಠ ಮಾಡಬೇಕಾದ ಪ್ರಾರ್ಥನೆಗಳಿಗೆ ಸಾಗುತ್ತದೆ. ಅದರಲ್ಲಿನ ಆದಮ ಮತ್ತು ಈವಳ ಬೆತ್ತಲೆ ಚಿತ್ರಗಳನ್ನು ನಂತರದ ಒಡೆಯರೊಬ್ಬರು ನಾಚಿಕೆಯಿಂದಲೋ ಮಡಿವಂತಿಕೆಯಿಂದಲೋ ಬಣ್ಣದ ಉಡುಗೆ ಬಳಿಸಿ ಮುಚ್ಚಿಸಿದ್ದರು. ಅವಕೆಂಪು ಚಿತ್ರಣದಲ್ಲಿ ಕೆಳಗಿನ ದೇಹರೇಖೆ ಸಿಕ್ಕಿತು. ಕೇಂಬ್ರಿಜ್‌ನ ಗಣಿತಜ್ಞರು ಸುತ್ತಲಿನ ಮುಚ್ಚದ ಭಾಗದ ಬಣ್ಣಗಳ ಆಧಾರದ ಮೇಲೆ ಮುಚ್ಚಿದ ಭಾಗವನ್ನು ಕಂಪ್ಯೂಟರಿನಲ್ಲಿ ತುಂಬಿ ಕೊಟ್ಟರು. ಪುಸ್ತಕ ಪೆಟ್ಟಿಗೆಯಲ್ಲಿ ಉಡುಗೆ ಸಮೇತ ಹಾಗೆಯೇ ಇದೆ. ಆ ಸಂಗ್ರಹಾಲಯದ ಹಸ್ತಪ್ರತಿ ವಿಶ್ಲೇಷಣಾ ತಂಡ 2012ರಿಂದ ಈ ರೀತಿ, ಚೂರು ಬಣ್ಣವನ್ನೂ ಕೀಳದೆ, ಕೆಲಸ ಮಾಡುತ್ತಿದೆ. 2016ರಲ್ಲಿ ಸಂಗ್ರಹಾಲಯದ ಇನ್ನೂರನೆಯ ವರ್ಷಕ್ಕೆ ಇಂಥ ಫಲಿತಾಂಶಗಳ ದೊಡ್ಡ ಪ್ರದರ್ಶನವೂ ನಡೆಯಿತು.

ಕೈಯಿಂದ ಮಾಡಿದ ತಿದ್ದುಪಡಿಗಳಷ್ಟೇ ಅಲ್ಲ, ಬಳಸಿ ಬಳಸಿ ಆದ ಬದಲಾವಣೆಯನ್ನೂ ಅಳೆಯುತ್ತಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಕ್ಯಾಥರಿನ್ ರೂಡಿ, ಮೇಲ್ಮೈ ಎಷ್ಟು ಕಪ್ಪಾಗಿದೆ ಎಂದು ಅಳೆಯುವ ಡೆನ್ಸಿಟೋಮೀಟರನ್ನು ಪ್ರಾರ್ಥನಾ ಪುಸ್ತಕಗಳ ಅಂಚಿಗೆ ಹಿಡಿದರು. ಹೆಬ್ಬೆರಳಿನ ಕೊಳೆ ಯಾವ ಪುಟದಲ್ಲಿ ಹೆಚ್ಚೋ ಆ ಪ್ರಾರ್ಥನೆ ಹೆಚ್ಚು ಓದಿದ್ದು. ಪ್ಲೇಗಿನಿಂದ ಕಾಯುವ ಸಂತ ಸೆಬಾಸ್ಟಿಯನ್‌ನ ಪ್ರಾರ್ಥನೆಯಂಥ ಪುಟಗಳು ಕೊಳೆಯಾಗಿದ್ದವು. ನಡುರಾತ್ರಿ ಎದ್ದು ಓದಬೇಕಾದ ಒಂದು ಪ್ರಾರ್ಥನೆಯಲ್ಲಿ ಮೊದಲ ಕೆಲವು ಪುಟಗಳು ಮಾತ್ರ ಕೊಳೆಯಾಗಿದ್ದು ಮುಂದಿನವು ಸ್ವಚ್ಛವಾಗಿದ್ದವು. ಓದುವವರು ಅಲ್ಲಿಗೇ ನಿದ್ದೆ ಹೋಗುತ್ತಿದ್ದರು! ಇದಕ್ಕೆ ಒಂದೇ ಶತ್ರು, ಪುಸ್ತಕವನ್ನು ಚೊಕ್ಕಟ ಮಾಡಿ ಅಂಚು ಕತ್ತರಿಸಿ ಹೊಸ ರಟ್ಟು ಹಾಕಿದ ನನ್ನಂಥ ಕಸುಬಿನವರು. ನಮ್ಮ ಹಿಂದಿನವರು ಶುಚಿ ಎಂದು ತಿಳಿದು ಒರೆಸಿ ಹಾಕಿದ್ದು ಎಷ್ಟು ಜನರ ರಾತ್ರಿಗಳನ್ನೋ.

ಇತಿಹಾಸದ ಮೇಷ್ಟ್ರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಈ ಎಳೆಯನ್ನು ನಿನ್ನೆ ತರಗತಿಯಲ್ಲಿ ಓದಿ ಹೇಳಿದೆ. ಈಗ ಎರಡು ಹೊಸ ಪ್ರಶ್ನೆಗಳು ಬಂದಿವೆ. ಈ ವಿಧಾನಗಳನ್ನು ನಮ್ಮ ತಾಳೆಗರಿಗಳ ಮೇಲೆ ಯಾರಾದರೂ ಪ್ರಯೋಗಿಸಿದ್ದಾರೆಯೇ? ಮತ್ತು, ಯಾವ ಪ್ರಯೋಗಾಲಯವೂ ಇಲ್ಲದ ನಮ್ಮಂಥವರ ಎದುರು ಹಳೆಯ ಹಸ್ತಪ್ರತಿಯೊಂದು ಬಂದರೆ ಮೊದಲು ಏನು ಮಾಡಬೇಕು?

ಉತ್ತರ 6: ಬೆಳಕಿನ ಬೆನ್ನಟ್ಟಿ

ಮೊದಲನೆಯದಕ್ಕೆ ಉತ್ತರ ನಿಮ್ಮ ಹತ್ತಿರದಲ್ಲಿಯೇ ಇದೆ. ಆರ್ಕಿಮಿಡೀಸ್ ಪುಸ್ತಕದ ಚಿತ್ರಣ ಮಾಡಿದ ರೋಜರ್ ಈಸ್ಟನ್ ಮತ್ತು ಕೀತ್ ನಾಕ್ಸ್ ಅವರು, ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಅವರೊಡನೆ ಸೇರಿ, ಉಡುಪಿಯ ಪಲಿಮಾರು ಮಠದಲ್ಲಿರುವ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿ ಪ್ರತಿಯನ್ನು ಅವಕೆಂಪು ಬೆಳಕಿನಲ್ಲಿ ಚಿತ್ರೀಕರಿಸಿದ್ದಾರೆ. ಇದು 2006ರ ಸುಮಾರಿನ ಮಾತು. ಗರಿ ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಕಪ್ಪು ಅಕ್ಷರ ಅದರೊಳಗೆ ಕರಗಿಹೋದಂತೆ ಕಾಣುತ್ತದೆ. ಅವಕೆಂಪಿನಲ್ಲಿ ಗರಿ ತಿಳಿಯಾಗುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಒಂದೊಂದು ಗರಿಯೂ ಉದ್ದವಾಗಿದ್ದರಿಂದ ತುಂಡು ತುಂಡಾಗಿ ತೆಗೆದು ಜೋಡಿಸಬೇಕಾಯಿತು. ಅಲ್ಲಿ ಮುಖ್ಯ ಸಮಸ್ಯೆ ತಿದ್ದುಪಡಿಯದಲ್ಲ, ಓದಲು ಬಾರದಷ್ಟು ಕಪ್ಪಾದದ್ದರದು. ಅದನ್ನು ಬಿಡಿಸಿದ ಭೌತಶಾಸ್ತ್ರ ಮಾತ್ರ ಒಂದೇ.

ಉತ್ತರ 7: ಹೊತ್ತಗೆ ಕಟ್ಟುವಾಕೆ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬಹಳ ಸಣ್ಣದು. ಕಿಟಕಿ ಮುಚ್ಚಿ ಕೋಣೆಯನ್ನು ಕತ್ತಲು ಮಾಡಿ. ಪುಸ್ತಕವನ್ನು ಎರಡು ದಿಂಬುಗಳ ನಡುವೆ, ಬೆನ್ನು ಮುರಿಯದಂತೆ, ಅರ್ಧ ಮಾತ್ರ ತೆರೆದಿಡಿ. ಮೊಬೈಲಿನ ಟಾರ್ಚನ್ನು ಮೇಲಿನಿಂದ ಹಿಡಿಯದೆ, ಪುಟದ ಮಟ್ಟಕ್ಕೇ ತಂದು ಒಂದು ಅಂಚಿನಿಂದ ಅಡ್ಡಡ್ಡಲಾಗಿ ಬೆಳಕು ಹಾಯಿಸಿ. ಕೆರೆದ ಜಾಗದಲ್ಲಿ ಚರ್ಮದ ಎಳೆಗಳು ಎದ್ದು ಬಟ್ಟೆಯ ಜುಂಗಿನಂತೆ ಪುಟ್ಟ ಪುಟ್ಟ ನೆರಳು ಬೀಳಿಸುತ್ತವೆ. ಬಣ್ಣದ ಮೇಲೆ ಬಣ್ಣ ಬಿದ್ದ ಕಡೆ ಸಣ್ಣ ದಿಣ್ಣೆಯ ಅಂಚು ಕಾಣುತ್ತದೆ. ಕೈಯಿಂದ ಮುಟ್ಟಿ ನೋಡಬೇಡಿ, ಒರೆಸಬೇಡಿ. ಕಂಡದ್ದನ್ನು ಅಳತೆಪಟ್ಟಿಯ ಜೊತೆ ಫೋಟೋ ತೆಗೆದು, ಯಾವ ದಿಕ್ಕಿನಿಂದ ಬೆಳಕು ಬಿಟ್ಟಿರಿ ಎಂಬುದನ್ನು ಪೆನ್ಸಿಲಿನಲ್ಲಿ ಬೇರೆ ಹಾಳೆಯಲ್ಲಿ ಬರೆದಿಡಿ. ಪೆನ್ನನ್ನು ಮಾತ್ರ ಆ ಕೋಣೆಯೊಳಕ್ಕೆ ತರಬೇಡಿ.